ತಾರಸಿಯಲ್ಲಿ ತರಕಾರಿ, ಹಣ್ಣು ಬೆಳೆಯಬೇಕು: ಎಲ್ಲಿಂದ ಶುರು ಮಾಡಲಿ?

ಹೊಸ ಕೈ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ನಮ್ಮದು 30x40 ಸೈಟಿನ ಮನೆ, ಎರಡು ಅಂತಸ್ತು. ತಾರಸಿಯಲ್ಲಿ ನೀರಿನ ಟ್ಯಾಂಕು, ಸೋಲಾರ್ ಬಿಟ್ಟು ಸುಮಾರು 500 ಚದರ ಅಡಿ ಖಾಲಿ ಇದೆ. ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಒಳ್ಳೆ ಬಿಸಿಲು. 2023ರ ಜುಲೈನಲ್ಲಿ ಟೊಮೇಟೊ ಕೆಜಿಗೆ 100 ರೂಪಾಯಿ ದಾಟಿತ್ತಲ್ಲ, ಆಗಿನಿಂದ ಅಮ್ಮ ಇದನ್ನೇ ಹೇಳುತ್ತಿದ್ದಾರೆ. ಈ ಮಳೆಗಾಲಕ್ಕೆ ಶುರು ಮಾಡೋಣ ಅಂತ.

ಯೋಚನೆ ಹೀಗಿದೆ. ತಾರಸಿಯ ಒಂದು ಬದಿಗೆ ಇಟ್ಟಿಗೆ ಕಟ್ಟೆ ಕಟ್ಟಿಸಿ, ಒಂದು ಅಡಿ ಕೆಮ್ಮಣ್ಣು ತುಂಬಿಸಿ, ಪಾತಿ ಮಾಡುವುದು. ಟೊಮೇಟೊ, ಬದನೆ, ಬೆಂಡೆ, ಅವರೆ, ಸೊಪ್ಪು ಬೇಕು. ಒಂದು ಸೀಬೆ ಗಿಡ, ಒಂದು ನಿಂಬೆ ಗಿಡ. ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ. ಗೊಬ್ಬರ, ಔಷಧಿ ಬಗ್ಗೆ ಏನೂ ಗೊತ್ತಿಲ್ಲ. ಆನ್‌ಲೈನ್‌ನಲ್ಲಿ ತಾರಸಿ ತೋಟದ ಕಿಟ್ ಮಾರುತ್ತಾರೆ, ಅದನ್ನು ತರಿಸಿದರೆ ಸಾಕಾ? ಬೆಳೆದವರು ಹೇಳಿ.

ಕಟ್ಟಡದ ಲೆಕ್ಕ, ಬೆಂಗಳೂರು

ಕಟ್ಟೆ ಕಟ್ಟಿಸುವ ಮೊದಲು ದಯವಿಟ್ಟು ಇದನ್ನು ಓದಿ. ನಾನು ಸ್ಟ್ರಕ್ಚರಲ್ ಎಂಜಿನಿಯರ್.

ಜನ ಓಡಾಡುವ ತಾರಸಿಗೆ ನಾವು ಲೆಕ್ಕಕ್ಕೆ ಹಿಡಿಯುವ ಬಳಕೆಯ ಭಾರ ಚದರ ಮೀಟರಿಗೆ 1.5 ಕಿಲೋನ್ಯೂಟನ್. ಕಟ್ಟಡದ ಭಾರಗಳ ಭಾರತೀಯ ಮಾನದಂಡ ಐಎಸ್ 875ರಲ್ಲಿ ಇರುವುದು ಅದೇ. ಅಂದರೆ ಸುಮಾರು 150 ಕೆಜಿ, ಚದರ ಅಡಿಗೆ 14 ಕೆಜಿ. ಈಗ ನಿಮ್ಮ ಪಾತಿಗೆ ಬನ್ನಿ. ಒಂದು ಅಡಿ ಆಳದ ಕೆಮ್ಮಣ್ಣು ಮಳೆಯಲ್ಲಿ ಪೂರ್ತಿ ನೆನೆದರೆ ಚದರ ಅಡಿಗೆ ಹತ್ತಿರ ಹತ್ತಿರ 50 ಕೆಜಿ ತೂಗುತ್ತದೆ. ಇಟ್ಟಿಗೆ ಕಟ್ಟೆಯ ಭಾರ ಬೇರೆ. ಜನ ಬಂದು ಹೋಗುತ್ತಾರೆ, ಮಣ್ಣು ಮಾತ್ರ ವರ್ಷಪೂರ್ತಿ ಅಲ್ಲೇ ಕೂತಿರುತ್ತದೆ. ಕೂಡಲೇ ಏನೂ ಆಗದಿದ್ದರೂ ಸ್ಲ್ಯಾಬ್ ಬಾಗುವುದು, ಸಣ್ಣ ಬಿರುಕು ಬಿಟ್ಟು ನೀರು ಇಳಿಯುವುದು, ಒಳಗಿನ ಕಬ್ಬಿಣ ತುಕ್ಕು ಹಿಡಿಯುವುದು ಎಲ್ಲಾ ನಿಧಾನವಾಗಿ ಶುರುವಾಗುತ್ತದೆ.

ಹಾಗಂತ ಬೆಳೆಯಬೇಡಿ ಅಂತ ಹೇಳುತ್ತಿಲ್ಲ. ಪಾತಿ ಬೇಡ, ಬಿಡಿ ಚೀಲ ಅಥವಾ ಕುಂಡ ಇಡಿ. 20 ಲೀಟರಿನ ಗ್ರೋ ಬ್ಯಾಗಿಗೆ ಹಗುರ ಮಿಶ್ರಣ ತುಂಬಿದರೆ ನೆನೆದ ಮೇಲೆ 20-25 ಕೆಜಿ ಆಗುತ್ತದೆ. ಸುತ್ತ ಓಡಾಡುವ ಜಾಗ ಬಿಟ್ಟು ಹರಡಿ ಇಟ್ಟರೆ ಸರಿ. ದೊಡ್ಡ ಡ್ರಮ್ಮುಗಳನ್ನು ತೊಲೆಯ ಮೇಲೆ, ಕೆಳಗೆ ಗೋಡೆ ಇರುವ ಕಡೆ ಇಡಿ. ಕೋಣೆಯ ನಡುಮಧ್ಯದ ಸ್ಲ್ಯಾಬಿನ ಮೇಲೆ ಬೇಡ. ಎಲ್ಲವನ್ನೂ ಇಟ್ಟಿಗೆ ಅಥವಾ ಸ್ಟ್ಯಾಂಡಿನ ಮೇಲೆ ಎತ್ತರಿಸಿ, ಕೆಳಗೆ ತಾರಸಿ ಒಣಗಬೇಕು. ಮೂಲೆಯ ಬಿರುಕಿನಲ್ಲಿ ಅರಳಿ, ಆಲದ ಸಸಿ ಕಂಡರೆ ಅವತ್ತೇ ಕೀಳಿ. ಹಳೆಯ ಮನೆ, ಬಾಲ್ಕನಿಯಂತೆ ಹೊರಚಾಚಿದ ಸ್ಲ್ಯಾಬ್ ಇದ್ದರೆ ಒಮ್ಮೆ ಎಂಜಿನಿಯರಿಗೆ ತೋರಿಸದೆ ಭಾರ ಇಡಬೇಡಿ.

ಹೊಸ ಕೈ, ಬೆಂಗಳೂರು

ಸರ್, ತುಂಬಾ ಉಪಕಾರ ಆಯಿತು. ಮೇಸ್ತ್ರಿಗೆ ಮುಂದಿನ ವಾರ ಬರಲು ಹೇಳಿದ್ದೆ, ಈಗಲೇ ಫೋನ್ ಮಾಡಿ ಬೇಡ ಅನ್ನುತ್ತೇನೆ. ಚೀಲಗಳೇ ಇರಲಿ. ಅದಕ್ಕೆ ಏನು ತುಂಬಬೇಕು?

ಹಿತ್ತಲ ಗೆಳತಿ, ಮೈಸೂರು

ಕಿಟ್ ತರಿಸಬೇಡಿ. ನಿಮ್ಮ ಕಾಲ ಯಾವುದು, ಮನೆಯಲ್ಲಿ ಏನು ತಿನ್ನುತ್ತೀರಿ ಅನ್ನುವುದು ಕಿಟ್ ಮಾಡಿದವರಿಗೆ ಗೊತ್ತಿಲ್ಲ. ಅದೇ ದುಡ್ಡಿಗೆ ಒಳ್ಳೆ ಗೊಬ್ಬರ ತನ್ನಿ.

ಮಿಶ್ರಣ ಸರಳ. ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಒಂದು ಪಾಲು ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ. ಚೀಲಕ್ಕೆ ಒಂದು ಹಿಡಿ ಬೇವಿನ ಹಿಂಡಿ. ಕೋಕೋಪೀಟ್ ಬಗ್ಗೆ ಒಂದು ಮಾತು. ಒತ್ತಿ ಇಟ್ಟಿಗೆಯಂತೆ ಮಾಡಿ ಮಾರುವ ಅಗ್ಗದ ಕೋಕೋಪೀಟಿನಲ್ಲಿ ಉಪ್ಪಿನಂಶ ಜಾಸ್ತಿ ಇರುತ್ತದೆ. ನೀರಿನಲ್ಲಿ ನೆನೆಸಿ, ಹಿಂಡಿ, ಆ ನೀರು ಚೆಲ್ಲಿ. ಎರಡು ಮೂರು ಸಲ ಹೀಗೆ ಮಾಡಿ ಆಮೇಲೆ ಬಳಸಿ. ಹಾಗೇ ಹಾಕಿದರೆ ಎಳೆ ಸಸಿಯ ಎಲೆಯ ಅಂಚು ಸುಟ್ಟಂತೆ ಆಗುತ್ತದೆ. ಅದರಲ್ಲಿ ಗಿಡಕ್ಕೆ ಬೇಕಾದ ಸಾರವೂ ಹೆಚ್ಚೇನಿಲ್ಲ. ಅದು ನೀರು ಹಿಡಿಯುವುದಕ್ಕೆ, ಭಾರ ಇಳಿಸುವುದಕ್ಕೆ ಮಾತ್ರ. ಬರೀ ಕೋಕೋಪೀಟಿನಲ್ಲಿ ಬದನೆ ನೆಟ್ಟು 'ಕಾಯಿ ಬರಲಿಲ್ಲ' ಅನ್ನುವವರು ಬಹಳ ಜನ ಇದ್ದಾರೆ.

ಟೊಮೇಟೊದಿಂದ ಶುರು ಮಾಡಬೇಡಿ ಅನ್ನುವುದು ನನ್ನ ಸಲಹೆ. ಸೊಪ್ಪಿನಿಂದ ಶುರು ಮಾಡಿ. ಅಡುಗೆಮನೆ ಡಬ್ಬಿಯ ಮೆಂತ್ಯ ಸಾಕು, ರಾತ್ರಿ ನೆನೆಸಿ ಚೆಲ್ಲಿದರೆ ನಾಲ್ಕೈದು ದಿನಕ್ಕೆ ಮೊಳಕೆ, ಮೂರು ವಾರಕ್ಕೆ ಪಲ್ಯ. ಧನಿಯಾ ಕಾಳನ್ನು ಚಪ್ಪಲಿಯಿಂದ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಬಿತ್ತಿ. ಅದು ಎಂಟು ಹತ್ತು ದಿನ ತೆಗೆದುಕೊಳ್ಳುತ್ತದೆ, ಮೊಳೆಯಲಿಲ್ಲ ಅಂತ ಕೆದಕಬೇಡಿ. ದಂಟು, ಪಾಲಕ್ ಆರು ಇಂಚು ಆಳದ ಟ್ರೇನಲ್ಲೂ ಬರುತ್ತವೆ. ಒಂದು ಮೂಲೆಗೆ ದೊಡ್ಡಪತ್ರೆ, ಒಂದೆಲಗ, ಚಕ್ರಮುನಿ ಹಾಕಿಬಿಡಿ. ಈ ಮೂರು ಇದ್ದರೆ ಮನೆಯಲ್ಲಿ ತರಕಾರಿ ಇಲ್ಲದ ದಿನ ತಂಬುಳಿಗೆ ಯೋಚನೆ ಇಲ್ಲ.

ಎರಡು ತಿಂಗಳು ಸೊಪ್ಪು ಬೆಳೆದರೆ ನಿಮ್ಮ ತಾರಸಿಯ ಬಿಸಿಲು ಎಲ್ಲಿ ಎಷ್ಟು ಹೊತ್ತು ಬೀಳುತ್ತದೆ, ಎಷ್ಟು ನೀರು ಬೇಕು ಅನ್ನುವುದು ಕೈಗೆ ಗೊತ್ತಾಗುತ್ತದೆ. ಆಮೇಲೆ ಕಾಯಿಪಲ್ಲೆ.

ಎರೆ ಮಣ್ಣು, ಧಾರವಾಡ

ಅಕ್ಕಾರ ಹೇಳಿದ್ದು ಖರೆ. ನಮ್ಮ ಕಡೆ ಎರೆ ಮಣ್ಣು, ಅಂದರೆ ಕಪ್ಪು ಮಣ್ಣು, ಅದನ್ನು ಚೀಲಕ್ಕೆ ಹಾಗೇ ತುಂಬಿದರೆ ಮಳೆಯಲ್ಲಿ ಜಿಗುಟು, ಬೇಸಿಗೆಯಲ್ಲಿ ಬಿರುಕು. ಮರಳು ಮತ್ತು ಗೊಬ್ಬರ ಜಾಸ್ತಿ ಸೇರಿಸಬೇಕು. ಚವಳಿಕಾಯಿ, ಪುಂಡಿ ಪಲ್ಲೆ, ರಾಜಗಿರಿ, ಹಕ್ಕರಕಿ, ಎಲ್ಲಾ ಬಿಸಿಲು ತಡೆಯುವ ಬೆಳೆ. ಉತ್ತರ ಕರ್ನಾಟಕದವರು ಇದ್ದರೆ ಅವನ್ನೇ ಮೊದಲು ಹಾಕಿರಿ. ಕಲಬುರಗಿ, ರಾಯಚೂರು ಕಡೆ ಮಾರ್ಚ್‌ನಿಂದ ಮೇವರೆಗೆ ಅರ್ಧ ನೆರಳಿನ ಹಸಿರು ಪರದೆ ಇಲ್ಲದೆ ಟೊಮೇಟೊ ಹೂವು ನಿಲ್ಲುವುದಿಲ್ಲ.

ನೀರು ಕಡಿಮೆ ಇದ್ದವರಿಗೆ ಮಡಕೆ ನೀರಾವರಿ ಹೇಳುತ್ತೇನೆ. ಸುಣ್ಣ, ಬಣ್ಣ ಹಚ್ಚದ ಸಣ್ಣ ಮಣ್ಣಿನ ಮಡಕೆಯನ್ನು ಕುಂಡದ ನಡುವೆ ಕುತ್ತಿಗೆವರೆಗೆ ಹುಗಿದು, ನೀರು ತುಂಬಿ ಮುಚ್ಚಳ ಮುಚ್ಚಿರಿ. ನೀರು ನಿಧಾನಕ್ಕೆ ಜಿನುಗುತ್ತದೆ, ಬೇರು ಅದರ ಸುತ್ತ ಸೇರುತ್ತದೆ. ಎರಡು ಮೂರು ದಿನ ಊರಿಗೆ ಹೋದರೂ ಗಿಡ ಬಾಡುವುದಿಲ್ಲ.

ಲಾಭ ನಷ್ಟ, ಬೆಂಗಳೂರು

ಎಲ್ಲರೂ ಉತ್ಸಾಹದಿಂದ ಹೇಳುತ್ತಿದ್ದೀರಿ, ಒಳ್ಳೆಯದೇ. ಆದರೆ ಚೀಲ, ಗೊಬ್ಬರ, ಕೋಕೋಪೀಟ್, ಸ್ಟ್ಯಾಂಡ್, ನೆರಳು ಪರದೆ ಎಲ್ಲಾ ಸೇರಿಸಿದರೆ ಮೊದಲ ವರ್ಷ ಹಾಪ್‌ಕಾಮ್ಸ್‌ನಲ್ಲಿ ತರಕಾರಿ ಕೊಳ್ಳುವುದೇ ಅಗ್ಗ. ಇನ್ನು ನೀರು. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಗಿಡಗಳಿಗೆ ಹಾಕಿದರೆ 5,000 ರೂಪಾಯಿ ದಂಡ ಅಂತ ಆದೇಶ ಮಾಡಿತ್ತು. ಅಂಥ ಬೇಸಿಗೆ ಮತ್ತೆ ಬಂದರೆ ಏನು ಮಾಡುತ್ತೀರಿ? ಈ ಪ್ರಶ್ನೆಗೆ ಉತ್ತರ ಇಟ್ಟುಕೊಂಡೇ ಶುರು ಮಾಡಬೇಕು ಅಲ್ವಾ?

ತಾರಸಿ ತೋಟ, ಬೆಂಗಳೂರು

ಕೇಳಲೇಬೇಕಾದ ಪ್ರಶ್ನೆ ಇದು. ನೀರಿನಿಂದಲೇ ಶುರು ಮಾಡುತ್ತೇನೆ.

1,000 ಚದರ ಅಡಿ ತಾರಸಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 900 ಲೀಟರಿಗೂ ಮೇಲೆ ನೀರು. ಸೋರಿದ್ದು, ಹಾರಿದ್ದು ಕಳೆದರೂ 700-800 ಲೀಟರ್ ಸಿಗುತ್ತದೆ. ಬೆಂಗಳೂರಿನಲ್ಲಿ ಒಂದು ಸಂಜೆಯ ಜೋರು ಮಳೆ ಇದಕ್ಕಿಂತ ಹೆಚ್ಚು ಸುರಿಯುತ್ತದೆ. 20 ಲೀಟರಿನ ಒಂದು ಚೀಲಕ್ಕೆ ಬೇಸಿಗೆಯಲ್ಲಿ ದಿನಕ್ಕೆ ಒಂದರಿಂದ ಎರಡು ಲೀಟರ್ ಬೇಕು. 30 ಚೀಲಕ್ಕೆ 30-60 ಲೀಟರ್. ಮಳೆನೀರಿನ ಒಂದು ಟ್ಯಾಂಕ್ ಇದ್ದರೆ ಬೇಸಿಗೆ ಮಳೆಯ ನಡುವಿನ ದಿನಗಳು ದಾಟುತ್ತವೆ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ನೇರವಾಗಿ ಗಿಡಕ್ಕೆ. ಆರ್‌ಒ ಫಿಲ್ಟರ್ ಹೊರಚೆಲ್ಲುವ ಬೇಡದ ನೀರನ್ನು ಮಾತ್ರ ಯೋಚಿಸಿ ಬಳಸಿ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಅದರ ಲವಣ ಇನ್ನೂ ಗಟ್ಟಿಯಾಗಿರುತ್ತದೆ. ದಿನಾ ಹಾಕಿದರೆ ಕುಂಡದ ಮೇಲೆ ಬಿಳಿ ಪದರ ಕಟ್ಟುತ್ತದೆ. ಮಳೆನೀರಿನ ಜೊತೆ ಬೆರೆಸಿ ಆಗೊಮ್ಮೆ ಈಗೊಮ್ಮೆ ಹಾಕಿ, ಉಳಿದದ್ದು ನೆಲ ಒರೆಸಲು ಇರಲಿ.

ಮಣ್ಣಿನ ಮೇಲೆ ಎರಡು ಇಂಚು ಒಣ ಎಲೆ ಹೊದಿಸಿ. ನೀರಿನ ಉಳಿತಾಯದಲ್ಲಿ ಇದಕ್ಕಿಂತ ಸುಲಭದ್ದು ಇಲ್ಲ. ನಮ್ಮ ಬೀದಿಗಳಲ್ಲಿ ಫೆಬ್ರುವರಿ ಮಾರ್ಚ್‌ನಲ್ಲಿ ಎಲೆ ಉದುರುವುದು ನೋಡಿ, ಗುಡಿಸಿ ಬೆಂಕಿ ಹಚ್ಚುತ್ತಾರೆ. ಕರುಳು ಚುರ್ ಅನ್ನುತ್ತದೆ. ಒಂದು ಚೀಲ ಕೇಳಿ ತನ್ನಿ. ಅದೇ ಎಲೆ ಗೊಬ್ಬರದ ಡಬ್ಬಿಗೂ ಬೇಕು. ಅಡುಗೆಮನೆಯ ಹಸಿ ಕಸ ಒಂದು ಪದರ, ಒಣ ಎಲೆ ಒಂದು ಪದರ, ಮೇಲೆ ಸ್ವಲ್ಪ ಹುಳಿ ಮಜ್ಜಿಗೆ ಚಿಮುಕಿಸಿ. ವಾಸನೆ ಬಂದರೆ ಒಣದ್ದು ಕಡಿಮೆಯಾಗಿದೆ ಅಂತ ಅರ್ಥ, ಇನ್ನಷ್ಟು ಎಲೆ ಹಾಕಿ. ದಪ್ಪ ಬಿಳಿ ಹುಳುಗಳು ಕಂಡರೆ ಹೆದರಬೇಡಿ, ಅವು ಕಸವನ್ನು ತಿಂದು ಬೇಗ ಗೊಬ್ಬರ ಮಾಡುತ್ತವೆ. ಎರಡು ಮೂರು ತಿಂಗಳಿಗೆ ಗೊಬ್ಬರ ರೆಡಿ. ಎರಡನೇ ವರ್ಷದಿಂದ ಗೊಬ್ಬರದ ಖರ್ಚು ಬಹುತೇಕ ಇಲ್ಲ.

ದುಡ್ಡಿನ ಲೆಕ್ಕ ನೀವು ಹೇಳಿದ್ದು ಸರಿ, ಮೊದಲ ವರ್ಷ ಉಳಿತಾಯ ಇಲ್ಲ. ಆದರೆ ಕೊಳಚೆ ನೀರಿನಲ್ಲಿ ಬೆಳೆದ ಸೊಪ್ಪು ಯಾವುದು, ನಿನ್ನೆ ಔಷಧಿ ಹೊಡೆದ ಸೊಪ್ಪು ಯಾವುದು ಅಂತ ಗಾಡಿಯ ಮುಂದೆ ನಿಂತು ಹೇಗೆ ಗೊತ್ತಾಗಬೇಕು? ನನಗೆ ಆ ನೆಮ್ಮದಿಯೇ ಮುಖ್ಯ. ಎಲ್ಲಾ ತರಕಾರಿ ಬೆಳೆಯಲು ಹೋಗಬೇಡಿ. ಈರುಳ್ಳಿ, ಆಲೂಗಡ್ಡೆ, ಕೋಸು ಅಂಗಡಿಯಲ್ಲೇ ಕೊಳ್ಳಿ. ಹಸಿಯಾಗಿ ಕಿತ್ತು ತಿನ್ನುವುದನ್ನು ಮನೆಯಲ್ಲಿ ಬೆಳೆಯಿರಿ.

ಹೊಸ ಕೈ, ಬೆಂಗಳೂರು

ಅವರೆ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಮನೆಯಲ್ಲಿ ಅವರೆಕಾಳಿನ ಹುಚ್ಚು ಜಾಸ್ತಿ. ಪಕ್ಕದ ಮನೆಯವರು ಬೇಸಿಗೆಯಲ್ಲಿ ಹಾಕಿದ್ದರು. ಬಳ್ಳಿ ಟ್ಯಾಂಕಿನವರೆಗೆ ಹತ್ತಿತು, ಒಂದು ಹೂವೂ ಬಿಡಲಿಲ್ಲ. ಗೊಬ್ಬರ ಕಡಿಮೆಯಾಯಿತಾ?

ತೋಟಗಾರಿಕೆ ವಿದ್ಯಾರ್ಥಿ, ಬಾಗಲಕೋಟೆ

ಗೊಬ್ಬರದ ದೋಷ ಅಲ್ಲ. ಅವರೆಗೆ ಹಗಲು ಚಿಕ್ಕದಾಗಬೇಕು.

ನಾಟಿ ಅವರೆ ಹಗಲಿನ ಉದ್ದ ನೋಡಿ ಹೂ ಬಿಡುವ ಗಿಡ. ಸರಿಯಾಗಿ ಹೇಳಬೇಕೆಂದರೆ ಅದು ಅಳೆಯುವುದು ರಾತ್ರಿಯನ್ನು. ರಾತ್ರಿ ಒಂದು ಮಿತಿಗಿಂತ ಉದ್ದ ಆದ ಮೇಲೆ ಮಾತ್ರ ಹೂವಿಗೆ ತಿರುಗುತ್ತದೆ. ಬೆಂಗಳೂರಿನಲ್ಲಿ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಅಷ್ಟೇ. ನಮಗೆ ಅದು ಗೊತ್ತೂ ಆಗುವುದಿಲ್ಲ, ಗಿಡಕ್ಕೆ ಗೊತ್ತಾಗುತ್ತದೆ. ಅದಕ್ಕೇ ಜುಲೈ-ಆಗಸ್ಟ್‌ನಲ್ಲಿ ಬಿತ್ತಿದ ಅವರೆ ಚಳಿಗಾಲಕ್ಕೆ ಹೂ ಬಿಟ್ಟು, ಡಿಸೆಂಬರ್-ಜನವರಿಗೆ ಸೊಗಡಿನ ಕಾಯಿ ಕೊಡುತ್ತದೆ. ಬೆಂಗಳೂರಿನ ಅವರೆಬೇಳೆ ಮೇಳ ಆ ಹೊತ್ತಿಗೇ ನಡೆಯುವುದೂ ಇದಕ್ಕೇ. ಬೇಸಿಗೆಯಲ್ಲಿ ಬಿತ್ತಿದರೆ ಹಗಲು ಬೆಳೆಯುತ್ತಾ ಹೋಗುತ್ತದೆ, ಗಿಡ ಬರೀ ಬಳ್ಳಿಯಾಗುತ್ತದೆ.

ಇನ್ನೊಂದು ವಿಷಯ ಬೆಂಗಳೂರಿನವರಿಗೆ ಮುಖ್ಯ. ರಾತ್ರಿಯಿಡೀ ಬೀದಿ ದೀಪ ಬೀಳುವ ಕಡೆ ಅವರೆ ಚೀಲ ಇಡಬೇಡಿ. ದೀಪದ ಬೆಳಕಿಗೂ ಹೂವು ತಡವಾಗಬಹುದು. ತಾರಸಿಯ ಕತ್ತಲ ಮೂಲೆ ನೋಡಿ ಇಡಿ. ಹಗಲು ಬಿಸಿಲು ಪೂರ್ತಿ ಬೇಕು, ಅದು ಬೇರೆ.

ವರ್ಷದ ಬೇರೆ ಕಾಲದಲ್ಲೂ ಅವರೆ ಬೇಕು ಅನ್ನುವವರಿಗೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಇವೆ. ಇವು ಹಗಲಿನ ಉದ್ದ ನೋಡುವುದಿಲ್ಲ. ಬಳ್ಳಿ ಹಬ್ಬದೆ ಪೊದೆಯಾಗಿ ನಿಲ್ಲುತ್ತವೆ, ಚೀಲಕ್ಕೆ ಒಗ್ಗುತ್ತವೆ. ಸೊಗಡು ನಾಟಿಯಷ್ಟು ಇಲ್ಲ ಅನ್ನುತ್ತಾರೆ, ನನ್ನ ನಾಲಿಗೆಗೂ ಹಾಗೇ ಅನ್ನಿಸಿದೆ. ಎರಡನ್ನೂ ಹಾಕಿ. ಚಳಿಗಾಲಕ್ಕೆ ನಾಟಿ, ಉಳಿದ ಕಾಲಕ್ಕೆ ಹೆಬ್ಬಾಳದ್ದು.

ಅವರೆಗೆ ಸಾರಜನಕದ ಗೊಬ್ಬರ ಜಾಸ್ತಿ ಹಾಕಬೇಡಿ. ಅದರ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯಿಂದಲೇ ಸಾರಜನಕ ಹಿಡಿದುಕೊಡುತ್ತದೆ. ಬೆಳೆ ಮುಗಿದ ಮೇಲೆ ಬುಡ ಕತ್ತರಿಸಿ, ಬೇರನ್ನು ಮಣ್ಣಲ್ಲೇ ಬಿಟ್ಟು ಸೊಪ್ಪು ಬಿತ್ತಿ.

ದೂರದ ಕನ್ನಡಿಗ, ನ್ಯೂಜೆರ್ಸಿ

ಈ ಉತ್ತರ ಓದಿ ಎಷ್ಟು ಖುಷಿಯಾಯಿತು ಅಂತ ಹೇಳಲಾರೆ. ಇಲ್ಲಿ ನಮ್ಮ ಕನ್ನಡದ ಗೆಳೆಯರ ಹಿತ್ತಲುಗಳಲ್ಲಿ ಇದೇ ಗೋಳು. ಮೇ ತಿಂಗಳಲ್ಲಿ ಹಾಕಿದ ಅವರೆ ಬೇಲಿ ತುಂಬಾ ಹಬ್ಬುತ್ತದೆ. ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಮೊಗ್ಗು ಕಾಣುತ್ತದೆ. ಕಾಯಿ ಕಟ್ಟುವ ಮೊದಲೇ ಹಿಮ ಬಿದ್ದು ಎಲ್ಲಾ ಕಪ್ಪಾಗುತ್ತದೆ. ಜೂನ್‌ನಲ್ಲಿ ಇಲ್ಲಿ ಹಗಲು 15 ಗಂಟೆ, ಈಗ ಕಾರಣ ಗೊತ್ತಾಯಿತು.

ಬೆಂಡೆ, ದಂಟು, ಹೀರೆ ಇಲ್ಲಿನ ಬೇಸಿಗೆಯಲ್ಲಿ ಸೊಗಸಾಗಿ ಬರುತ್ತವೆ. ಮಾರ್ಚ್‌ನಲ್ಲಿ ಮನೆಯೊಳಗೆ ಟೊಮೇಟೊ, ಬದನೆ ಸಸಿ ಎಬ್ಬಿಸಿ, ಮೇ ಮಧ್ಯದ ನಂತರ ಹೊರಗೆ ನೆಡುತ್ತೇವೆ. ಕರಿಬೇವು ಕುಂಡದಲ್ಲೇ, ಚಳಿ ಶುರುವಾದ ಕೂಡಲೇ ಒಳಗೆ. ಹೆಬ್ಬಾಳ ಅವರೆ-4ರ ಬೀಜ ಊರಿಂದ ಬರುವಾಗ ತರಬಹುದಾ?

ತೋಟಗಾರಿಕೆ ವಿದ್ಯಾರ್ಥಿ, ಬಾಗಲಕೋಟೆ

ಅಣ್ಣ, ಸೂಟ್‌ಕೇಸಿನಲ್ಲಿ ಸುಮ್ನೆ ಇಟ್ಟುಕೊಂಡು ಹೋಗಬೇಡಿ. ಬಿತ್ತನೆ ಬೀಜಕ್ಕೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಅಲ್ಲಿನ ಕೃಷಿ ಇಲಾಖೆಯ ನಿಯಮ ನೋಡಿಕೊಂಡು ತರಿಸಿ. ಕರಿಬೇವಿನ ಗಿಡ, ಎಲೆ ಅಂತೂ ಬೇಡವೇ ಬೇಡ. ಕಿತ್ತಳೆ, ನಿಂಬೆಯ ಗ್ರೀನಿಂಗ್ ರೋಗ ಹರಡುವ ಸಣ್ಣ ಕೀಟ ಕರಿಬೇವಿನ ಮೇಲೂ ಬದುಕುತ್ತದೆ. ಫ್ಲೋರಿಡಾದ ಕಿತ್ತಳೆ ತೋಟಗಳಿಗೆ ಆ ರೋಗ ಕೊಟ್ಟ ಹೊಡೆತ ದೊಡ್ಡದು. ಅಲ್ಲಿನ ಅಂಗಡಿಯಲ್ಲಿ ಹಗಲಿನ ಉದ್ದಕ್ಕೆ ಬಗ್ಗದ ತಳಿ ಅಂತ ಕೇಳಿ ಕೊಳ್ಳುವುದು ಒಳ್ಳೆಯದು.

ಕರಾವಳಿ ಅಮ್ಮ, ಉಡುಪಿ

ನಮ್ಮಲ್ಲಿ ಬೇರೆಯೇ ಕಥೆ ಮಾರಾಯ್ರೇ. ಜೂನ್‌ನಿಂದ ಮಳೆ ನಿಲ್ಲುವುದೇ ಇಲ್ಲ. ಬೆಂಗಳೂರಿನವರು ಮಳೆಗಾಲಕ್ಕೆ ಶುರು ಮಾಡುತ್ತೇವೆ ಅಂತ ಹೇಳಿದರೆ ನಮ್ಮ ಕಡೆಯವರು ಹಾಗೇ ಮಾಡಬಾರದು. ಟೊಮೇಟೊ, ಹಸಿಮೆಣಸು ಕೊಳೆತು ಹೋಗುತ್ತವೆ. ಮಳೆಗಾಲಕ್ಕೆ ಬೆಂಡೆ, ಅಲಸಂಡೆ, ಹೀರೆ, ಮುಳ್ಳುಸೌತೆ. ಮೇ ಕೊನೆಗೆ ಬೀಜ ಹಾಕಿ, ಮಳೆ ಹಿಡಿಯುವ ಮೊದಲು ಗಿಡ ಗಟ್ಟಿಯಾಗಬೇಕು. ಹರಿವೆ, ಬದನೆ, ಮೆಣಸು ಅಕ್ಟೋಬರ್ ನಂತರ. ಮಟ್ಟುಗುಳ್ಳ, ಅಂದರೆ ನಮ್ಮ ಮಟ್ಟು ಊರಿನ ಬದನೆ, ಅದರ ಬೀಜ ಸಿಕ್ಕಿದರೆ ಹಾಕಿ ನೋಡಿ. ಆದರೆ ಮಟ್ಟುವಿನ ಮಣ್ಣಲ್ಲಿ ಬರುವ ರುಚಿ ಕುಂಡದಲ್ಲಿ ಬರುವುದಿಲ್ಲ, ಅದು ನಿಜ.

ಬಸಳೆ ಒಂದು ಇದ್ದರೆ ಮನೆಗೆ ಮತ್ತೇನು ಬೇಕು! ಪೇಟೆಯಿಂದ ತಂದ ಕಟ್ಟಿನಲ್ಲಿ ಬಲಿತ ದಂಟು ಇರುತ್ತದಲ್ಲ, ಗೇಣುದ್ದ ಕತ್ತರಿಸಿ ಊರಿಬಿಡಿ. ಸಣ್ಣ ಚಪ್ಪರ ಸಾಕು. ತೊಂಡೆಯೂ ಹಾಗೆಯೇ, ಕಾಯಿ ಬಿಡುವ ಬಳ್ಳಿಯ ತುಂಡು ನೆಡಬೇಕು, ಬೀಜ ಅಲ್ಲ. ಬೀಜದಿಂದ ಬಂದದ್ದು ಗಂಡು ಬಳ್ಳಿಯಾದರೆ ಕಾಯಿಯೇ ಇಲ್ಲ.

ನನ್ನದೊಂದು ಪ್ರಶ್ನೆ. ಮಗಳು ಬೆಂಗಳೂರಿನಲ್ಲಿ ನಾಲ್ಕನೇ ಮಹಡಿಯಲ್ಲಿ ಸೋರೆ ಹಾಕಿದ್ದಾಳೆ. ಹೂವು ತುಂಬಾ, ಕಾಯಿ ಬೆರಳಷ್ಟಾಗಿ ಹಳದಿಯಾಗಿ ಉದುರುತ್ತದೆ. ಏನು ಮಾಡಬೇಕು?

ಹಿತ್ತಲ ಗೆಳತಿ, ಮೈಸೂರು

ಅಮ್ಮ, ಮಗಳಿಗೆ ಸಂಜೆ ಹೊತ್ತು ತಾರಸಿಗೆ ಹೋಗಲು ಹೇಳಿ. ಸೋರೆ ಹೂವು ಅರಳುವುದು ಸಂಜೆ, ಪರಾಗ ಸಾಗಿಸುವುದು ಹೆಚ್ಚಾಗಿ ಇರುಳಿನ ಪತಂಗಗಳು. ಅಷ್ಟು ಎತ್ತರಕ್ಕೆ ಅವು ಬರದೆ ಇರಬಹುದು. ಕೈಯಿಂದ ಮಾಡಬೇಕು. ಹೂವಿನ ಹಿಂದೆ ಪುಟ್ಟ ಕಾಯಿ ಇದ್ದರೆ ಹೆಣ್ಣು, ಬರೀ ಉದ್ದ ತೊಟ್ಟು ಇದ್ದರೆ ಗಂಡು. ಆಗತಾನೇ ಅರಳಿದ ಗಂಡು ಹೂ ಕಿತ್ತು, ಎಸಳು ಬಿಡಿಸಿ, ನಡುವಿನ ಹಳದಿ ಭಾಗವನ್ನು ಹೆಣ್ಣು ಹೂವಿನ ಮಧ್ಯಕ್ಕೆ ಮೆಲ್ಲಗೆ ಸವರಿದರೆ ಆಯಿತು. ಹೀರೆಗೂ ಸಂಜೆಯೇ. ಕುಂಬಳ, ಹಾಗಲ ಆದರೆ ಬೆಳಿಗ್ಗೆ ಬೇಗ. ಮೊದಲ ಕೆಲವು ದಿನ ಬರೀ ಗಂಡು ಹೂವೇ ಬರುವುದು ಸಹಜ.

ಕಾಯಿ ಸ್ವಲ್ಪ ದೊಡ್ಡದಾಗಿ ಸೊಟ್ಟಗಾಗಿ ಒಳಗೆ ಹುಳ ಕಂಡರೆ ಮಾತ್ರ ಹಣ್ಣು ನೊಣ. ಅದಕ್ಕೆ ಮೋಹಕ ಬಲೆ, ಅಂದರೆ ವಾಸನೆಯಿಂದ ಗಂಡು ನೊಣ ಸೆಳೆದು ಹಿಡಿಯುವ ಬಲೆ, ತೂಗಿಸಿ. ಕೊಳ್ಳುವಾಗ ಹೆಸರು ಹೇಳಿ: ಬಳ್ಳಿ ತರಕಾರಿಗೆ ಕ್ಯೂಲೂರ್, ಮಾವು ಸೀಬೆಗೆ ಮೀಥೈಲ್ ಯೂಜಿನಾಲ್. ಒಂದರ ಬದಲು ಇನ್ನೊಂದು ತೂಗಿಸಿದರೆ ಕೆಲಸ ಮಾಡುವುದಿಲ್ಲ. ಚುಚ್ಚಿದ ಕಾಯಿಯನ್ನು ಗೊಬ್ಬರದ ಡಬ್ಬಿಗೆ ಹಾಕದೆ ಕವರಿನಲ್ಲಿ ಕಟ್ಟಿ ಬಿಸಿಲಿಗಿಡಿ.

ನೆಲದ ನಂಟು, ಚಾಮರಾಜನಗರ

ಎಲ್ಲದಕ್ಕೂ ಜೀವಾಮೃತ ಸಾಕು. ನೈಸರ್ಗಿಕ ಕೃಷಿಯ ಸುಭಾಷ್ ಪಾಳೇಕರ್ ಅವರ ಪದ್ಧತಿಯ 200 ಲೀಟರಿನ ಲೆಕ್ಕವನ್ನು ಮನೆ ಮಟ್ಟಕ್ಕೆ ಇಳಿಸಿದರೆ 20 ಲೀಟರ್ ನೀರಿಗೆ ಒಂದು ಕೆಜಿ ನಾಟಿ ಹಸುವಿನ ಸಗಣಿ, ಒಂದು ಲೀಟರ್ ಗಂಜಲ, 200 ಗ್ರಾಂ ಬೆಲ್ಲ, 200 ಗ್ರಾಂ ಕಡಲೆಹಿಟ್ಟು, ಒಂದು ಹಿಡಿ ಬದುವಿನ ಮಣ್ಣು. ನೆರಳಿನಲ್ಲಿ ಎರಡು ದಿನ ಇಟ್ಟು ಬೆಳಿಗ್ಗೆ ಸಂಜೆ ಕಲಕಿ. ಬುಡಕ್ಕೆ ಹಾಕಿ. ಅಂಗಡಿಯ ಯಾವ ಡಬ್ಬಿಯೂ ಬೇಡ.

ತೋಟಗಾರಿಕೆ ವಿದ್ಯಾರ್ಥಿ, ಬಾಗಲಕೋಟೆ

ಜೀವಾಮೃತ ಮಣ್ಣಿಗೆ ಒಳ್ಳೆಯದು, ಅದರಲ್ಲಿ ತಕರಾರಿಲ್ಲ. ಎಲ್ಲದಕ್ಕೂ ಸಾಕು ಅನ್ನುವುದನ್ನು ಒಪ್ಪಲಾರೆ. ಟೊಮೇಟೊ ಎಲೆ ಮುದುಡಿ, ಸಣ್ಣದಾಗಿ, ಗಿಡ ಕುಳ್ಳಾದರೆ ಅದು ವೈರಸ್. ಬಿಳಿ ನೊಣ ಹರಡುತ್ತದೆ. ಅದನ್ನು ಗುಣ ಮಾಡುವ ಸಿಂಪಡಣೆ ಸಾವಯವದಲ್ಲೂ ಇಲ್ಲ, ರಾಸಾಯನಿಕದಲ್ಲೂ ಇಲ್ಲ. ಗಿಡ ಕಿತ್ತು ಹಾಕಬೇಕು, ಪಕ್ಕದ ಗಿಡಗಳಿಗೆ ಹಳದಿ ಅಂಟು ಹಾಳೆ ಕಟ್ಟಬೇಕು. ಕಾಯಿಯ ತಳ ಕಪ್ಪಗೆ ಕೊಳೆತಂತೆ ಆದರೆ ಅದು ರೋಗ ಅಲ್ಲ. ಕಾಯಿಗೆ ಕ್ಯಾಲ್ಸಿಯಂ ತಲುಪಿಲ್ಲ, ಬಹಳ ಸಲ ಕಾರಣ ಒಂದು ದಿನ ಒಣಗಿಸಿ ಒಂದು ದಿನ ತೇಲಿಸುವ ನೀರು. ಗಿಡಕ್ಕೆ ಬಿಳಿ ಹಿಟ್ಟಿನಂತೆ ಅಂಟುವ ಹಿಟ್ಟು ತಿಗಣೆಗೆ ಮೊದಲು ಜೋರಾಗಿ ನೀರು ಹೊಡೆದು ಉದುರಿಸಿ. ಆಮೇಲೆ ಲೀಟರ್ ನೀರಿಗೆ 5 ಎಂಎಲ್ ಬೇವಿನ ಎಣ್ಣೆ, ಕೆಲವು ಹನಿ ಸೋಪಿನ ದ್ರಾವಣ ಬೆರೆಸಿ ಸಂಜೆ ಹೊತ್ತು ಎಲೆಯ ಅಡಿಗೆ ತಾಗುವಂತೆ ಸಿಂಪಡಿಸಿ. ಬಿಸಿಲಲ್ಲಿ ಬೇಡ, ಎಲೆ ಸುಡುತ್ತದೆ.

ಹೊಸಬರಿಗೆ ಟೊಮೇಟೊ ಬೇಕೇಬೇಕು ಅಂದರೆ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಹಾಕಿ. ಎಲೆ ಮುದುಡು, ದುಂಡಾಣು (ಬ್ಯಾಕ್ಟೀರಿಯಾ) ಸೊರಗು, ಅರ್ಲಿ ಬ್ಲೈಟ್ ಎಂಬ ಅಂಗಮಾರಿ ಮೂರನ್ನೂ ತಡೆಯುವ ಶಕ್ತಿ ಇದೆ. ಅದು ಹೈಬ್ರಿಡ್, ಹಣ್ಣಿನ ಬೀಜ ತೆಗೆದು ಮತ್ತೆ ಬಿತ್ತಿದರೆ ಅದೇ ಗುಣ ಬರುವುದಿಲ್ಲ.

ನೆಲದ ನಂಟು, ಚಾಮರಾಜನಗರ

ವೈರಸ್ ಮಾತು ಒಪ್ಪುತ್ತೇನೆ ತಮ್ಮ. ಆದರೆ ಪ್ರತಿ ವರ್ಷ ಬೀಜ ಕೊಳ್ಳುವ ತಳಿ ನನಗೆ ಬೇಡ. ಮನೆ ತೋಟದಲ್ಲಾದರೂ ನಾಟಿ ಬೀಜ ಉಳಿಯಬೇಕು. ರೈತರ ಹೊಲದಿಂದ ಎಷ್ಟು ಬದನೆ, ಎಷ್ಟು ಅವರೆ ಹೊರಟು ಹೋದವು! ಚೀಲದಲ್ಲಿ ಒಂದು ಗಿಡ ಬೆಳೆದರೂ ಒಂದು ತಳಿಯ ಬೀಜ ಉಳಿಯುತ್ತದೆ.

ಕಾಡಂಚಿನ ಮನೆ, ಸಾಗರ

ಮಂಗಗಳ ಬಗ್ಗೆಯೂ ಹೇಳಿ. ನಮ್ಮಲ್ಲಿ ಸೀಬೆ, ಪಪ್ಪಾಯಿ, ಬದನೆ ಏನೂ ಉಳಿಯುವುದಿಲ್ಲ. ಅರಿಶಿನ, ಶುಂಠಿ, ಸೂಜಿಮೆಣಸು, ದೊಡ್ಡಪತ್ರೆ, ಕೆಸು ಮಾತ್ರ ಅಷ್ಟಾಗಿ ಮುಟ್ಟುವುದಿಲ್ಲ. ಉಳಿದದ್ದಕ್ಕೆ ಪೂರ್ತಿ ಕಬ್ಬಿಣದ ಬಲೆಯ ಗೂಡೇ ದಾರಿ.

ತಾರಸಿ ತೋಟ, ಬೆಂಗಳೂರು

ಹಣ್ಣಿನ ಬಗ್ಗೆ ಕೇಳಿದ್ದಿರಿ. ಬೀಜದಿಂದ ಎದ್ದ ಗಿಡ ಬೇಡ, ಸೀಬೆ ಮತ್ತು ನಿಂಬೆಗೆ ಕಸಿ ಅಥವಾ ಗೂಟಿ (ಕೊಂಬೆಗೆ ಬೇರು ಬರಿಸಿ ಮಾಡಿದ) ಗಿಡ ತನ್ನಿ. ಬೀಜದ ನಿಂಬೆ ಕಾಯಿಗೆ ನಾಲ್ಕೈದು ವರ್ಷ ಕಾಯಿಸುತ್ತದೆ. ಕಸಿ ಗಿಡ ಎರಡು ಮೂರು ವರ್ಷಕ್ಕೆ ಬರುತ್ತದೆ. 200 ಲೀಟರ್ ಡ್ರಮ್ಮಿನ ಅರ್ಧ ಸಾಕು, ಆದರೆ ಅದು ನೆನೆದರೆ 100 ಕೆಜಿಗೂ ಮೇಲೆ. ಮೇಲೆ ಎಂಜಿನಿಯರ್ ಹೇಳಿದಂತೆ ಕೆಳಗೆ ಗೋಡೆ ಇರುವ ಕಡೆಯೇ ಇರಲಿ.

ಸೀಬೆ ಹೊಸ ಚಿಗುರಿನಲ್ಲಿ ಕಾಯಿ ಬಿಡುತ್ತದೆ. ಹಣ್ಣು ಮುಗಿದ ಮೇಲೆ ತುದಿ ಸವರಿ, ಗಿಡ ಎದೆಯುದ್ದಕ್ಕಿಂತ ಹೆಚ್ಚು ಬೆಳೆಯಲು ಬಿಡಬೇಡಿ. ಒಳಗೆ ಕೆಂಪು ಬೇಕಾದರೆ ಅರ್ಕಾ ಕಿರಣ್, ಬಿಳಿ ಬೇಕಾದರೆ ಅಲಹಾಬಾದ್ ಸಫೇದಾ. ಕಾಯಿ ನಿಂಬೆಯಷ್ಟಾದಾಗ ಬಟ್ಟೆ ಚೀಲ ಕಟ್ಟಿದರೆ ಅಳಿಲು, ಗಿಳಿ, ನೊಣ ಎಲ್ಲದರಿಂದ ಉಳಿಯುತ್ತದೆ. ಒಂದೆರಡು ಹಣ್ಣು ಅಳಿಲಿಗೆ ಬಿಟ್ಟರೆ ನಮಗೇನೂ ಕಡಿಮೆಯಾಗುವುದಿಲ್ಲ. ನಿಂಬೆ ಮತ್ತು ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಹುಳ ಇದ್ದರೆ ಅದು ನಿಂಬೆ ಚಿಟ್ಟೆಯ ಮರಿ. ಗಿಡ ದೊಡ್ಡದಿದ್ದರೆ ಬಿಟ್ಟುಬಿಡಿ, ಚಿಟ್ಟೆ ಹೊರಬರುವುದನ್ನು ಮಕ್ಕಳಿಗೆ ತೋರಿಸಿ. ಗಿಡ ಎಳೆಯದಿದ್ದರೆ ಹುಳವನ್ನು ಕೈಯಿಂದ ತೆಗೆಯಿರಿ.

ನುಗ್ಗೆ ಹಾಕುವ ಆಸೆ ಇದ್ದರೆ ಪಿಕೆಎಂ-1 ಅಥವಾ ಬಾಗಲಕೋಟೆಯ ಭಾಗ್ಯ ತಳಿ. ತುದಿ ಚಿವುಟುತ್ತಲೇ ಇರಬೇಕು, ಇಲ್ಲದಿದ್ದರೆ ಗಾಳಿಗೆ ಡ್ರಮ್ ಸಮೇತ ಬೀಳುತ್ತದೆ.

ಬೆಂಗಳೂರಿನಲ್ಲಿ 'ಊಟ ಫ್ರಮ್ ಯುವರ್ ತೋಟ' ಅಂತ ತಾರಸಿ ಬೆಳೆಗಾರರ ಸಂತೆ ನಡೆಯುತ್ತದೆ. ಕೃಷಿ ವಿಜ್ಞಾನಿ ಡಾ. ಬಿ.ಎನ್. ವಿಶ್ವನಾಥ್ ಅವರಿಂದ ತಾರಸಿ ತೋಟ ಕಲಿತವರು ಈ ನಗರದಲ್ಲಿ ತುಂಬಾ ಜನ ಇದ್ದಾರೆ. ಅಲ್ಲಿ ಹೋದರೆ ಬೀಜವೂ ಸಿಗುತ್ತದೆ, ಕೇಳಿದ್ದಕ್ಕೆ ಉತ್ತರವೂ ಸಿಗುತ್ತದೆ.

ಆಶಾ ಅಕ್ಕನ ನೆರೆಮನೆ, ಹಾಸನ

ಕುಂಡದ ಕೆಳಗಿನ ತಟ್ಟೆಯ ನೀರು ಯಾರೂ ಹೇಳಲಿಲ್ಲ. ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ಅಂಥ ಚೊಕ್ಕ ನೀರಿನಲ್ಲೇ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿತ್ತು. ತಟ್ಟೆ ಇಡಲೇಬೇಕಿದ್ದರೆ ವಾರಕ್ಕೊಮ್ಮೆಯಾದರೂ ಚೆಲ್ಲಿ, ಉಜ್ಜಿ ಒಣಗಿಸಿ. ಮಳೆನೀರಿನ ಡ್ರಮ್ಮಿಗೆ ಬಿಗಿಯಾದ ಮುಚ್ಚಳ ಅಥವಾ ಸೊಳ್ಳೆ ಪರದೆ ಕಟ್ಟಿ.

ಹೊಸ ಕೈ, ಬೆಂಗಳೂರು

ಎಲ್ಲರಿಗೂ ಕೈ ಮುಗಿಯುತ್ತೇನೆ. ಅಮ್ಮನಿಗೆ ಪೂರ್ತಿ ಓದಿ ಹೇಳಿದೆ. ತೀರ್ಮಾನ ಹೀಗೆ: ಈಗ ಮೆಂತ್ಯ, ದಂಟು, ಕೊತ್ತಂಬರಿಗೆ ನಾಲ್ಕು ಟ್ರೇ. ಒಂದು ಚೀಲಕ್ಕೆ ಬಸಳೆ. ಜುಲೈ ಕೊನೆಗೆ ನಾಟಿ ಅವರೆ, ಬೀದಿ ದೀಪ ಬೀಳದ ಹಿಂದಿನ ಮೂಲೆಯಲ್ಲಿ. ನಿಂಬೆ ಡ್ರಮ್, ತಾರಸಿಯಲ್ಲಿ ಕೆಳಗೆ ಮೆಟ್ಟಿಲಿನ ಗೋಡೆ ಇರುವ ಕಡೆ. ಟೊಮೇಟೊ, ಸೀಬೆ ಆಮೇಲೆ. ಮಳೆನೀರಿಗೆ 500 ಲೀಟರಿನ ಟ್ಯಾಂಕ್ ನೋಡುತ್ತಿದ್ದೇವೆ.

ಕೊನೆಯ ಪ್ರಶ್ನೆ. ನಾಟಿ ಅವರೆ ಬೀಜ ಅಜ್ಜಿ ಮನೆಯಿಂದ ಬರುತ್ತದೆ. ಅದನ್ನು ಮುಂದಿನ ವರ್ಷಕ್ಕೆ ಹೇಗೆ ಇಟ್ಟುಕೊಳ್ಳುವುದು? ಕಳೆದ ಸಲ ಡಬ್ಬಿಯಲ್ಲಿಟ್ಟದ್ದೆಲ್ಲ ತೂತು ಬಿದ್ದಿತ್ತು ಅನ್ನುತ್ತಾರೆ.

ನೆಲದ ನಂಟು, ಚಾಮರಾಜನಗರ

ನಿಮ್ಮ ಈ ಪ್ರಶ್ನೆಗೇ ಕಾಯುತ್ತಿದ್ದೆ. ಚೆನ್ನಾಗಿ ಕಾಯಿ ಬಿಟ್ಟ ಒಂದು ಬಳ್ಳಿಯನ್ನು ಮೊದಲೇ ಗುರುತಿಸಿ ದಾರ ಕಟ್ಟಿ. ಅದರ ನಡುವಿನ ಗೊಂಚಲುಗಳನ್ನು ಅಡುಗೆಗೆ ಕೀಳಬೇಡಿ, ಬಳ್ಳಿಯ ಮೇಲೇ ಒಣಗಲಿ. ಸುಲಿದು, ಮುರುಟಿದ್ದನ್ನು ಆರಿಸಿ ತೆಗೆದು, ಮೂರು ನಾಲ್ಕು ದಿನ ಬೆಳಗಿನ ಬಿಸಿಲಿಗೆ ಹರಡಿ. ಹಲ್ಲಿನಲ್ಲಿ ಕಚ್ಚಿದರೆ ಟಕ್ ಅನ್ನಬೇಕು. ತಣ್ಣಗಾದ ಮೇಲೆ ಜರಡಿ ಹಿಡಿದ ಸೌದೆ ಬೂದಿ ಕಲಸಿ, ಮೇಲೆ ಒಣಗಿದ ಬೇವಿನ ಸೊಪ್ಪು ಹಾಕಿ, ಗಾಳಿಯಾಡದ ಡಬ್ಬಿಯಲ್ಲಿಡಿ. ಹುಳದ ಮೊಟ್ಟೆ ಹೊಲದಿಂದಲೇ ಬಂದಿರುತ್ತದೆ, ಅದಕ್ಕೇ ಯುಗಾದಿ ಹೊತ್ತಿಗೆ ಒಮ್ಮೆ ತೆಗೆದು ಮತ್ತೆ ಬಿಸಿಲಿಗಿಡಬೇಕು. ಅವರೆ ಬಹುಮಟ್ಟಿಗೆ ತನ್ನ ಹೂವಿನ ಪರಾಗದಿಂದಲೇ ಕಾಯಿ ಕಟ್ಟುತ್ತದೆ, ಹಾಗಾಗಿ ತಳಿ ಅಷ್ಟು ಸುಲಭಕ್ಕೆ ಬೆರೆಯುವುದಿಲ್ಲ. ಡಬ್ಬಿಯ ಮೇಲೆ ಊರಿನ ಹೆಸರು, ವರ್ಷ ಬರೆದಿಡಿ. ಜಾಸ್ತಿ ಉಳಿದರೆ ನನಗೂ ಒಂದು ಹಿಡಿ ಬೇಕು, ನಮ್ಮ ಕಡೆಯ ಅವರೆ ಕಳಿಸುತ್ತೇನೆ.